ಬಾಗಿಲ ಹಿಂದಿನ ತೇಪೆ

ಅಲ್ಲಲ್ಲ, ಆ ಕಡೆ ಬೇಡ ಮಗಳೇ! ಈ ಕಡೆ ಬಾ, ನೆರಳಿದೆ. ಅಲ್ಲಿ ಗೋಡೆಗೆ ಒರಗಿದ್ರೆ ಬಟ್ಟೆಗೆಲ್ಲಾ ಸುಣ್ಣ ಮೆತ್ಕೊಳ್ಳುತ್ತೆ, ಆಮೇಲೆ ನಿಮ್ಮಮ್ಮ ನನಗೇ ಬೈತಾಳೆ... ಏನು ಹೇಳ್ತಿದ್ದೆ? ಹಾಂ, ಫಲಕ. ನೀನು ಕೇಳಿದ್ದು ನ್ಯಾಯಾನೇ. ಈ ಗೋಡೆ ರಿಪೇರಿ ಮಾಡಿದ ಮೇಸ್ತ್ರಿಗಳ ಹೆಸರು ಕಲ್ಲಲ್ಲಿ ಕೆತ್ತಿಸಿದ್ದಾರೆ, ಅದ್ರಲ್ಲಿ ನಿಮ್ಮಪ್ಪನ ಹೆಸರು ಯಾಕಿಲ್ಲ ಅಂತ. ಅವನು ಹೋಗಿ ಇನ್ನೂ ತಿಂಗಳಾಗಿಲ್ಲ... ಮಗಳು ಕೇಳದೆ ಇನ್ಯಾರು ಕೇಳ್ತಾರೆ? ಆದ್ರೆ ಅವನ ಜೊತೆ ಗಾರೆ ಕೆಲಸ ಮಾಡಿದೋನು ನಾನು, ನಾನೇನು ಮಾಡ್ಲಮ್ಮ! ಪಟ್ಟಿ ಮಾಡಿದ್ದು ಇಲ್ಲಿ ಕೆಲಸ ಮಾಡಿಸೋ ಸಾಹೇಬರು. ಇನ್ನರ್ಧ ಗಂಟೆಗೆ ಬಂದು ಆ ಕಲ್ಲನ್ನ ಗೋಡೆಗೆ ಕೂರಿಸ್ತಾರೆ.

ನೀರಾ? ಕೊಡು ಕೊಡು. ಇಲ್ಲ, ಎಡಗೈಲೇ ಹಿಡ್ಕೋತೀನಿ. ಬಲಗೈಗಾ? ಏನಾಗಿಲ್ಲ, ಸುಣ್ಣ ತಿಂದಿದೆ, ಬಟ್ಟೆ ಸುತ್ತಿದ್ದೀನಿ ಅಷ್ಟೇ.

ನೋಡು, ಇದು ಎಂಥಾ ಗೋಡೆ! ಹೊಳೆ ಉಕ್ಕಿ ಸತ್ತವರ ನೆನಪಿಗೆ ಅಂತ ತೋಟ ಮಾಡಿ, ಸುತ್ತ ಕಟ್ಟಿದ್ದು. ನೂರು ವರ್ಷದ ಮೇಲಾಯ್ತು. ಇದಕ್ಕೆ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಸುಣ್ಣದ ಗಾರೆ ಬಿಟ್ಟು ಬೇರೆ ಮುಟ್ಟಿಸೋ ಹಾಗಿಲ್ಲ. ಸಿಮೆಂಟ್ ಅಂತೂ... ಗೋಡೆ ಉಸಿರಾಡ್ಬೇಕು ಕಣಮ್ಮ. ಸಿಮೆಂಟ್ ಮೆತ್ತಿದ್ರೆ ನೀರು ಒಳಗೇ ಉಳಿದು, ಕಲ್ಲು ಪದರ ಪದರ ಉದುರುತ್ತೆ. ನಿಮ್ಮಪ್ಪ ಅದನ್ನೇ ಮಾಡಿದ. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು... ಆದ್ರೂ ಮಾಡಿದ. ತೋಟದ ಕಬ್ಬಿಣದ ಬಾಗಿಲ ಹಿಂದೆ, ಮೊಳದುದ್ದ. ಸಿಕ್ಕಿಬಿದ್ದ. ಕೆಲಸ ಹೋಯ್ತು. ಆಮೇಲೆ ಸುಣ್ಣದ ಕೆಲಸ ಯಾರೂ ಕೊಡ್ಲಿಲ್ಲ ಅವನಿಗೆ.

ಯಾಕೆ ನಗ್ತೀಯ? ನಗು ಅಲ್ವಾ ಅದು... ಸರಿ ಬಿಡು.

ನಾನೇನು ಸುಳ್ಳು ಹೇಳ್ತಿದ್ದೀನಾ? ಹಾಜರಿ ಪುಸ್ತಕದಲ್ಲಿದೆ, ಸಿಮೆಂಟ್ ಬಿದ್ದ ಆ ಮೂರು ದಿನಾನೂ ಅವನು ಕೆಲಸದಲ್ಲಿದ್ದ. ಸಾಹೇಬರು ನಿಲ್ಲಿಸಿ ಕೇಳಿದ್ರು. ಒಂದು ಮಾತು, ಒಂದೇ ಒಂದು ಮಾತು ಆಡ್ಲಿಲ್ಲ ಪುಣ್ಯಾತ್ಮ! ನನ್ನ ಮುಖ ನೋಡ್ಕೊಂಡು ನಿಂತ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಸಾಹೇಬರು ಹಾಗೇ ತಿಳ್ಕೊಂಡ್ರು. ಅದೇನು ನನ್ನ ತಪ್ಪಾ?

ಏಯ್, ಎಲ್ಲಿಗೆ ಎದ್ದೆ? ಬಾಗಿಲಿಲ್ಲ ಅಲ್ಲಿ, ಬೆಳಗ್ಗೆ ತಾನೇ ಬಿಚ್ಚಿ ತುಕ್ಕು ಕೆರೆಯೋಕೆ ಒಯ್ದಿದ್ದಾರೆ. ನೋಡೋಕೇನಿದೆ? ಅದೇ ಹಾಳು ತೇಪೆ. ಕೀಳೋಕೆ ಹೋದ್ರೆ ಹಳೇ ಕಲ್ಲೂ ಕಿತ್ತು ಬರುತ್ತೆ ಅಂತ ಹಾಗೇ ಬಿಟ್ರು. ಹಗಲೆಲ್ಲಾ ಬಾಗಿಲು ಅದರ ಮೇಲೆ ಒರಗಿರ್ತಿತ್ತು, ಇಷ್ಟು ವರ್ಷ ನಾನೂ ಸರಿಯಾಗಿ ನೋಡಿಲ್ಲ... ಮಗಳೇ, ಬಿಸಿಲು! ಬಾ ಇಲ್ಲಿ. ನಿನಗೆ ಬಿಸಿಲಾಗಲ್ಲ, ನನಗೆ ಗೊತ್ತಿಲ್ವಾ? ಚಿಕ್ಕೋಳಿದ್ದಾಗ ಜ್ವರ ಬಂದು, ಮೈ ಕಾದ ಹೆಂಚು. ಆ ಮೂರು ದಿನ ನಿಮ್ಮಪ್ಪ ಆಸ್ಪತ್ರೆ ಬಿಟ್ಟು ಅಲುಗಾಡ್ಲಿಲ್ಲ. ನಾನೇ ಇಲ್ಲಿ ಒಬ್ಬನೇ ಎರಡಾಳು ಕೆಲಸ...

...

ಇಲ್ಲ. ಆ ಮೂರು ದಿನ ಅಂದ್ರೆ ಬೇರೆ ಮೂರು ದಿನ. ಅದು ಆ ವಾರ ಅಲ್ಲ. ಇರಬಹುದು, ನನಗೂ ವಯಸ್ಸಾಯ್ತು, ಮರೆವು... ಏನಾದ್ರೂ ಅನ್ನೇ! ಚಿಕ್ಕಪ್ಪಾ ಅಂತ ಬಾಯ್ತುಂಬ ಕರೀತಿದ್ದೋಳು!

ಸರಿ. ಹಾಜರಿ ನಾನೇ ಹಾಕಿದೆ. ರಜ ಕೇಳಿದ್ರೆ ಸಂಬಳ ಹಿಡೀತಿದ್ರು, ಪಾಪ ಅಂತ ಅವನ ಹೆಸರಿನ ಮುಂದೆ ನಾನೇ ಗೀಟು ಎಳೆದೆ. ಅಣ್ಣನಂಥವನಿಗೆ ಅಷ್ಟೂ ಮಾಡಬಾರದಾ? ಉಪಕಾರ ಕಣಮ್ಮ ಅದು. ಸಾಹೇಬರ ಮುಂದೆ ಅವನು ಆಸ್ಪತ್ರೇಲಿದ್ದೆ ಅಂದಿದ್ರೆ, ಗೀಟು ಎಳೆದ ನಾನು ಸಿಕ್ಕಿಬೀಳ್ತಿದ್ದೆ. ಅದಕ್ಕೇ ಸುಮ್ಮನಿದ್ದ. ಅಷ್ಟೇ. ತೇಪೆ ಯಾರು ಹಾಕಿದ್ರೋ... ಯಾರೋ ಹಾಕಿರ್ತಾರೆ. ರಿಪೇರಿ ಮುಗಿಸಿ ತೋಟ ತೆರೆಯೋ ಉದ್ಘಾಟನೆಗೆ ಎರಡೇ ದಿನ ಇತ್ತು, ಸುಣ್ಣ ಒಣಗೋಕೆ ವಾರ ಬೇಕು, ಎಲ್ಲರೂ ಅವಸರದಲ್ಲಿದ್ರು...

ಯಾಕೆ ಬಗ್ಗಿದೆ? ಏನದು, ತೇಪೆಯ ಗುಳೀಲಿ ಬೆರಳಾಡಿಸ್ತಿದ್ದೀಯ?

ಓ. ನಿನಗೆ ಹೇಳಿಕೊಟ್ಟಿದ್ನಾ ಅವನು. ದಿನದ ಕೊನೇ ಸಂದಿ ತುಂಬಿದ ಮೇಲೆ ಹಸಿ ಗಾರೇಲಿ ಹೆಬ್ಬೆರಳು ಒತ್ತಬೇಕು ಅಂತ. ನಮ್ಮ ಗುರುಗಳ ಪದ್ಧತಿ. ಸಾಹೇಬರಿಗೆ ಅದೆಲ್ಲಾ ಗೊತ್ತಿಲ್ಲ, ಕೇಳ್ಲೂ ಇಲ್ಲ. ಕಳ್ಳ ಕೆಲಸಕ್ಕೆ ಯಾರಾದ್ರೂ ಗುರುತು ಇಡ್ತಾರಾ ಹೇಳು! ಆದ್ರೆ ಕೈ ಕೇಳಬೇಕಲ್ಲ... ಅಭ್ಯಾಸಬಲ. ಒತ್ತಿದ್ದೂ ತಲೆಗೆ ಹೋಗಲ್ಲ...

ನನ್ನ ಕೈ ಯಾಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ... ನಾನು ಬೆಳಗ್ಗೆ ಬಾಗಿಲು ಬಿಚ್ಚೋದು ಕಂಡ ಕೂಡಲೇ ಬಟ್ಟೆ ಹುಡುಕಿದೆ.

ಬೈಯೇ ತಾಯಿ. ಕಲ್ಲು ತಗೊಂಡು ಹೊಡಿ. ಹೀಗೆ ನಿಲ್ಲಬೇಡ. ನಿಮ್ಮಪ್ಪನೂ ಹೀಗೇ ನಿಂತಿದ್ದ, ಇದೇ ಕಣ್ಣು... ಅವನಿಗೂ ಗೊತ್ತಿತ್ತು. ಈ ಹಾಳು ಹೆಬ್ಬೆರಳು ಉಳಿ ತಾಗಿ ಸೀಳಿದ ದಿನ ರಕ್ತ ಕಟ್ಟಿದ್ದೇ ಅವನು.

ಇರು, ಬಿಚ್ತೀನಿ. ಗಂಟು ಬಿಗಿಯಾಗಿದೆ. ಹೂಂ... ನೋಡು. ನಡುವೆ ಸೀಳು. ಅಲ್ಲಿ ಗುಳಿಯ ನಡುವೆಯೂ ಅದೇ ಸೀಳಿನ ಉಬ್ಬು ಗೆರೆ. ಒತ್ತಲಾ? ಆ ಕಡೆ ಸರಿ ಸ್ವಲ್ಪ.

ಕೂತ್ಕೊಂಡ್ತು. ನೋಡು, ಒಂದು ಕೂದಲೆಳೆ ಜಾಗ ಇಲ್ಲ.

ಹೆಜ್ಜೆ ಸದ್ದು. ಸಾಹೇಬರೇ ಇರಬೇಕು, ಕಲ್ಲು ಹೊತ್ತವರೂ ಜೊತೇಲಿದ್ದಾರೆ. ಇಲ್ಲಮ್ಮ, ಕೈ ತೆಗೆಯಲ್ಲ. ಹೀಗೇ ಇರ್ತೀನಿ. ಬರಲಿ ಅವರು, ಬಂದು ನೋಡ್ಲಿ.