ಬಾಯಿ ತೆರೀದನ ಕಚ್ಚಿದ ಹಾವು

ಅಲ್ಲಪಾ, ಕುತ್ತಿಗಿ ಹಿಡದ್ರ ಹಾವು ಏನೂ ಮಾಡಂಗಿಲ್ಲ ಅಂತ ನಾನೂ ಅಂತಿದ್ನಿ. ನಿಮ್ಮ ಮೊಬೈಲನ್ಯಾಗ ಯಾವನೋ ಒಬ್ಬಂವ ಹಾವು ಹಿಡದು ಹಲ್ಲ ಕಿಸೀತಾನಲ್ಲ, ಹಂಗ. ಇಲ್ಲೇ ನಮ್ಮ ಮುನವಳ್ಳಿ ಹೊಲದಾಗ ಕ್ಯಾರಿ ಹಾವು, ಮಣ್ಣಮುಕ್ಕ, ಎಷ್ಟು ಹಿಡದು ಬದುವಿನ ಆಚಿ ಬಿಟ್ಟೇನೋ! ಆ ಸೊಕ್ಕ ತಗೊಂಡ ಸೌದಿಗೆ ಹೋದ್ನಿ, ನೋಡ್ರಿ. ಡ್ರೈವರ್ ಕೆಲಸ ಅಂದಿದ್ರು, ಹೋದ ಮ್ಯಾಲೆ ಕೈಯಾಗ ಗುದ್ದಲಿ ಕೊಟ್ರು. ಖಜೂರದ ತೋಟ. ಬಿಸಲಂದ್ರ ಬಿಸಲು, ಅತ್ತೇನಿ ಖರೇನ. ಮಾಲಕ, "ಚಲೋ ದುಡಿ, ಟ್ರ್ಯಾಕ್ಟರ್ ಕೊಡತೇನಿ" ಅಂದಿದ್ದ. ಅದೊಂದ ಆಸೆ ಮ್ಯಾಲೆ ಜೀವ ಹಿಡ್ಕೊಂಡಿದ್ನಿ.

ಜೋಡಿಗೆ ಸಿರಸಂಗಿ ಬಸಪ್ಪ ಇದ್ದ. ಒಂದಿನ ಮುಂಜಾನೆ... ಅಲ್ಲ, ಮಳಿ ಆದ ಮರದಿನ, ಹೌದು, ಗಿಡದ ಬುಡ ಅಗೀವಾಗ ಹಸಿ ಮಣ್ಣಾಗಿಂದ ಒಂದ ಕರೀ ಹಾವು ಬಂತು. ಬೆರಳಿನಷ್ಟ ದಪ್ಪ, ಸಾಸಿವಿಯಂಥಾ ಕಣ್ಣು, ತಲಿ ಎಲ್ಲಿ ಮುಗೀತು ಕುತ್ತಿಗಿ ಎಲ್ಲಿ ಸುರು ಆತು ಗೊತ್ತ ಆಗಂಗಿಲ್ಲ. ಬಸಪ್ಪ ಗುದ್ದಲಿ ಎತ್ತಿದ. "ಕೊಲ್ಲಬ್ಯಾಡೋ, ನಾ ಹೊರಗ ಬಿಡತೇನಿ" ಅಂತ ಕುತ್ತಿಗಿ ಹಿಡದ ಎತ್ತಿದ್ನಿ. ಯೆಮೆನ್ ದೇಶದ ಆಳು ಒಬ್ಬ "ಲಾ! ಲಾ!" ಅಂತ ಓಡಿ ಬಂದ. ಬ್ಯಾಡ ಬ್ಯಾಡ ಅಂದಂಗ ಅದು. ನಾ ನಕ್ಕೆ. ಹಾವು ಬಾಯಿನ ತೆರೀಲಿಲ್ಲರ್ಯೋ! ಮುಚ್ಚಿದ ಬಾಯಿ ಮುಚ್ಚಿದಂಗ, ತುಟಿ ಬಾಜೂಕಿಂದ ಒಂದ ಹಲ್ಲ ಹೊರಗ ತಗದು, ಹಿಂದಕ್ಕ ಹೊಳ್ಳಿಸಿ ಹೆಬ್ಬಟ್ಟಿಗೆ ಚುಚ್ಚಿತು.

ಕೈ ಕುಂಬಳಕಾಯಿ ಆತು, ವಾಂತಿ, ಎದಿ ಡವಡವ. ದವಾಖಾನ್ಯಾಗ ಡಾಕ್ಟರ್ ಹಿಂದಿಯೊಳಗ ಹೇಳಿದ, "ಇದು ಬಿಲದಾಗ ಬದಕೋ ಹಾವು. ಅಲ್ಲಿ ಬಾಯಿ ತೆರ್ಯಾಕ ಜಾಗಾ ಎಲ್ಲಿರತದ? ಇಲಿ ಮರಿಗಳನ್ನ ಹಿಂಗ ಚುಚ್ಚೇ ಕೊಲ್ಲತದ. ಇದರ ವಿಷಕ್ಕ ಔಷಧ ಇಲ್ಲ. ಎದಿ ಬಡಿತ ನೋಡಕೋತ ಕೂಡೂದ." ಔಷಧ ಇಲ್ಲಂದಾಗ ನಿಮ್ಮಜ್ಜಿ ಮಾರಿ ಕಣ್ಮುಂದ ಬಂತು. ಹೆದರಿದ್ನಿ, ಸುಳ್ಳ್ಯಾಕ ಹೇಳ್ಲಿ. ಬಸಪ್ಪ ಬಾಜೂಕ ಕುಂತು ಸಿರಸಂಗಿ ಕಾಳಿಕವ್ವಗ ಹರಕಿ ಕಟ್ಟಾಕ ಹತ್ತಿದ್ದ: "ಅವ್ವಾ, ಇಂವ ಸಾಬರಂವ ಅಂತ ನೋಡಬ್ಯಾಡ, ನಮ್ಮ ತಾಲೂಕಿನಂವ!" ಅಂಥಾದ್ರಾಗೂ ನಗು ಬಂತು ನನಗ.

ಜೀವ ಉಳೀತು. ಹೆಬ್ಬಟ್ಟಿನ ತುದಿ ಕರ್ರಗಾತು, ತಗದ್ರು. ನನ್ನ ಕೈ ಕೆಟ್ಟತು ಅಂತ ಮಾಲಕ ಟ್ರ್ಯಾಕ್ಟರ್ ಬಸಪ್ಪಗ ಕೊಟ್ಟ. ಅಂವಗ ಗೇರ್ ಹಾಕಾಕ ಬರತಿರಲಿಲ್ಲ, ಬಾಜೂಕ ಕುಂತು ನಾನ ಕಲಿಸಿದ್ನಿ. ಹೊಟ್ಟಿ ಉರೀತು, ಆದ್ರೂ ಕಲಿಸಿದ್ನಿ. ನಮ್ಮೂರ ಜಾಣತನ ನಮ್ಮೂರ ಮಣ್ಣಿಗೆ ಸರಿ, ತಮ್ಮಾ. ಬ್ಯಾರೆ ಮಣ್ಣಾಗ ಮೊದಲ ಕೇಳಬೇಕು, ಆಮ್ಯಾಲೆ ಕೈ ಹಾಕಬೇಕು. ಏಳ್ರಿ, ರೊಟ್ಟಿ ಆರತಾವ.