ಒಂದು ನಲವತ್ತರ ಅಲಾರಂ

ನನ್ನ ಹೆಸರು ತಕ್ ಜಾಂಗ್‌ಹೊ. ವಯಸ್ಸು 51. ಉದ್ಯೋಗ ಸಿಟಿ ಬಸ್ ಚಾಲಕ, ಇಪ್ಪತ್ತೆರಡು ವರ್ಷದ ಸರ್ವೀಸು. ವಾಸ ದೇಗು ನಗರದ ಉತ್ತರ ವಲಯ, 3ನೇ ಬ್ಲಾಕು, ಒಂಬತ್ತನೇ ಮಹಡಿ, ಮನೆ ನಂಬರು 904. ಮನೆಯಲ್ಲಿ ನಾನು, ಹೆಂಡತಿ ಮಾ ಗುಮ್ರನ್, ನನ್ನ ತಾಯಿ ಮತ್ತು ಮಗಳು ತಕ್ ಇಸುಲ್ ಇರುತ್ತೇವೆ. ಇಸುಲ್‌ಗೆ 18 ವರ್ಷ, ಹೈಸ್ಕೂಲಿನ ಕೊನೆಯ ವರ್ಷ. ಅವಳು ಕಾಣೆಯಾಗಿದ್ದಾಳೆಂದು ನಿನ್ನೆ ಇದೇ ಠಾಣೆಯಲ್ಲಿ ನಾನು ಕೊಟ್ಟ ದೂರಿನ ಬಗ್ಗೆ, ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ತಿಳಿಸುವುದೇನೆಂದರೆ:

ಹೇಳುವಾಗ ಗಂಟೆ, ನಿಮಿಷ ಸಮೇತ ಹೇಳುತ್ತೇನೆ. ಅಷ್ಟೆಲ್ಲ ಬೇಕಾಗಿಲ್ಲ ಎಂದು ಬರೆದುಕೊಳ್ಳುವ ಅಧಿಕಾರಿ ಹೇಳಿದರು. ನನಗೆ ಬೇಕು. ಎರಡು ನಿಮಿಷ ತಡವಾದರೂ ಡಿಪೋದಲ್ಲಿ ಕಾರಣ ಬರೆದುಕೊಟ್ಟು ಬದುಕಿದವನು ನಾನು.

ನವೆಂಬರ್ 15, ಗುರುವಾರ, ದೇಶಕ್ಕೆಲ್ಲ ಕಾಲೇಜು ಪ್ರವೇಶ ಪರೀಕ್ಷೆ ಇತ್ತು. ಅದಕ್ಕೆ ಎರಡು ದಿನ ಮುಂಚೆ, 13ರಂದು ಸಂಜೆ 6:30ಕ್ಕೆ, ಪರೀಕ್ಷೆಗೆ ಮುಳ್ಳಿನ ಗಡಿಯಾರ ಮಾತ್ರ ಕಟ್ಟಿಕೊಂಡು ಹೋಗಬಹುದಂತೆ, ಅಂಗಡಿಯಲ್ಲಿ ಒಂದು ತರುತ್ತೇನೆ ಎಂದು ಮಗಳು ಹೇಳಿದಳು. ನಾನು ತಡೆದೆ. ಅಗ್ಗದ ಮಾಲು, ನಡುವೆ ಸೆಲ್ಲು ಸತ್ತರೆ ಏನು ಗತಿ ಎಂದೆ. ಇಪ್ಪತ್ತು ವರ್ಷ ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿದ್ದಕ್ಕೆ ಕಂಪನಿಯವರು ಸಭೆ ಮಾಡಿ ಕೊಟ್ಟ ವಾಚು ನನ್ನ ಕೈಯಲ್ಲಿತ್ತು. ಅದನ್ನು ತೋರಿಸಿ, ‘ಮುಳ್ಳು ತಾನೇ ಬೇಕು? ನೋಡು, ಎರಡಲ್ಲ, ಮೂರಿದೆ’ ಎಂದೆ. ಅವಳು ನಕ್ಕಳು. ಆ ವಾಚಿನ ಮುಖದ ಕೆಳಗೆ ಬೆರಳುಗುರಿನಷ್ಟು ಕಿಂಡಿಯೊಂದಿದೆ, ಅದರಲ್ಲಿ ಅಂಕಿಗಳು ಹೊಳೆಯುತ್ತವೆ. ಅದು ಕಣ್ಣಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ. ಅಂಥದ್ದು ಇದ್ದರೆ ನಿಷಿದ್ಧ ಎಂದು ಪರೀಕ್ಷೆಯ ಸೂಚನೆಗಳ ಹಾಳೆಯಲ್ಲಿ ಅಚ್ಚಾಗಿತ್ತು, ನಾನು ಓದಿರಲಿಲ್ಲ.

15ರಂದು ಬೆಳಗ್ಗೆ 6:50ಕ್ಕೆ ಬಾಗಿಲಲ್ಲಿ ನಿಂತು ವಾಚನ್ನು ನಾನೇ ಅವಳ ಕೈಗೆ ಕಟ್ಟಿದೆ. ಪಟ್ಟಿ ದೊಡ್ಡದಾಯಿತು, ಮೊಳೆಯಿಂದ ಹೊಸ ತೂತು ಮಾಡಿದೆ. ನನ್ನ ತಾಯಿ ಅಂಟುಬೆಲ್ಲದ ತುಂಡನ್ನು ಅವಳ ಬಾಯಿಗಿಟ್ಟು, ‘ಅಂಟಿಕೊಂಡು ಕೂತ್ಕೋ ಕಣೇ, ಜಾರ್ಬೇಡ’ ಎಂದು ಹರಸಿದರು. ಲೋಳೆಯಾದದ್ದನ್ನು ತಿಂದರೆ ಪರೀಕ್ಷೆಯೂ ಕೈಜಾರುತ್ತದೆಂಬ ಭಯಕ್ಕೆ ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ಸಮುದ್ರಪಾಚಿಯ ಸಾರು ಕೂಡ ಮಾಡಿರಲಿಲ್ಲ.

ಆ ದಿನ ನನಗೆ ಮಧ್ಯಾಹ್ನದ ಪಾಳಿ. 1:50ಕ್ಕೆ ಡಿಪೋದಿಂದ ಗಾಡಿ ತೆಗೆಯಬೇಕು. ಅದಕ್ಕಾಗಿ ಆ ವಾಚಿನಲ್ಲಿ ದಿನವೂ 1:40ಕ್ಕೆ ಅಲಾರಂ ಹೊಡೆಯುವಂತೆ ಎಂದೋ ಇಟ್ಟಿದ್ದೆ. ಅಂದು ಕೈ ಬರಿದಾಗಿದ್ದರೂ 1:40ಕ್ಕೆ ಸರಿಯಾಗಿ ನನ್ನಷ್ಟಕ್ಕೆ ಎದ್ದು ನಿಂತೆ. ಅಲಾರಂ ಇಲ್ಲದಿದ್ದರೂ ನನ್ನ ಮೈಯೇ ಗಡಿಯಾರ ಎಂದು ಸಹೋದ್ಯೋಗಿ ಯಾಂಗ್ ಸಂಗ್‌ದೊನ ಎದುರು ಜಂಬ ಕೊಚ್ಚಿಕೊಂಡೆ. ಅದೇ ನಿಮಿಷದಲ್ಲಿ ಅಲಾರಂ ಎಲ್ಲಿ ಹೊಡೆಯುತ್ತಿರಬಹುದೆಂದು ನನ್ನ ಹಾಳು ತಲೆಗೆ ಹೊಳೆಯಲಿಲ್ಲ.

ಸಂಜೆ 4:50ಕ್ಕೆ ಪರೀಕ್ಷಾ ಕೇಂದ್ರದ ಗೇಟಿನಿಂದ ಎಲ್ಲ ಮಕ್ಕಳ ಜೊತೆ ಇಸುಲ್ ಹೊರಗೆ ಬಂದಳು. ನನ್ನ ಹೆಂಡತಿ ಗೇಟಿನ ಹೊರಗೆ ಬೆಳಗ್ಗೆಯಿಂದ ನಿಂತಿದ್ದಳು. ಮಗಳು ಬಂದವಳೇ, ‘ಅಮ್ಮಾ, ಚಳಿಯಲ್ಲಿ ಯಾಕೆ ನಿಂತೆ’ ಎಂದಳಂತೆ. ಬೇರೇನೂ ಹೇಳಲಿಲ್ಲವಂತೆ.

ಅಂದು ಕೆಲಸ ಮುಗಿಸಿ ಬಂದ ನಾನು, ಹೇಗಾಯಿತು ಎಂದು ಕೇಳಲು ಬಾಯಿ ತೆರೆದೆ. ಹೆಂಡತಿ ನನ್ನ ತೋಳು ಹಿಡಿದು ಫ್ರಿಜ್ಜಿನ ಬಾಗಿಲು ತೋರಿಸಿದಳು. ಅಲ್ಲಿ ಶಾಲೆಯವರು ಪೋಷಕರಿಗೆ ಕಳಿಸಿದ ಹಾಳೆ ಅಂಟಿಸಿತ್ತು. ಪರೀಕ್ಷೆ ಮುಗಿದಂದಿನಿಂದ ಫಲಿತಾಂಶದ ದಿನದವರೆಗೆ ಪಾಲಿಸಬೇಕಾದ ಎಂಟು ಅಂಶಗಳು ಅದರಲ್ಲಿದ್ದವು. ಒಂದನೆಯದು, ಮಗು ತಾನಾಗಿ ಹೇಳುವವರೆಗೆ ಏನನ್ನೂ ಕೇಳಬಾರದು. ‘ಇಸುಲ್ ಅಪ್ಪಾ, ನಿಮ್ಮ ಬಾಯಿ ಸ್ವಲ್ಪ ಬಿಗಿಹಿಡ್ಕೊಳ್ಳಿ, ಮೂರೇ ವಾರ’ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೂ ಒಪ್ಪಿದೆ. ಡಿಪೋದ ಸುತ್ತೋಲೆಯನ್ನು ಹೇಗೆ ಪಾಲಿಸುತ್ತೇನೋ ಹಾಗೆಯೇ ಪಾಲಿಸಿದೆ.

ಮಾರನೆಯ ದಿನ ವಾಚು ವಾಪಸು ಕೇಳಿದೆ. ‘ರಿಸಲ್ಟ್ ಬರೋವರ್ಗೂ ನನ್ನ ಹತ್ರ ಇರ್ಲಿ ಅಪ್ಪಾ’ ಎಂದಳು. ಅದೃಷ್ಟಕ್ಕೆ ಇಟ್ಟುಕೊಂಡಿದ್ದಾಳೆಂದು ನಾನು ಹಿಗ್ಗಿದೆ.

ನವೆಂಬರ್ 24, ಶನಿವಾರ, ಮಧ್ಯಾಹ್ನ 12:15ಕ್ಕೆ ನಾನು ಅಡುಗೆಮನೆಯಲ್ಲಿ ಒಬ್ಬನೇ ನೂಡಲ್ಸ್ ತಿನ್ನುತ್ತಿದ್ದೆ. ಇಸುಲ್ ಬಂದು ಎದುರಿಗೆ ನಿಂತು, ‘ಅಪ್ಪಾ, ನಿಂಗೊಂದು ವಿಷ್ಯ...’ ಎಂದಳು. ನಾನು ಕೈ ಅಡ್ಡ ಮಾಡಿ, ‘ಏನೂ ಹೇಳ್ಬೇಕಾಗಿಲ್ಲ ಕಣಮ್ಮ. ಎಷ್ಟೇ ಬರ್ಲಿ, ನಾವೇನೂ ಕೇಳಲ್ಲ’ ಎಂದೆ. ಬಹಳ ದೊಡ್ಡ ಮನಸ್ಸಿನ ಅಪ್ಪನಂತೆ ಹೇಳಿದೆ. ಅವಳು ನನ್ನ ಬಟ್ಟಲಿನ ಕಡೆ ನೋಡಿದಳು. ನೂಡಲ್ಸ್ ಉಬ್ಬಿಹೋಗುತ್ತೆ, ತಿನ್ನು ಎಂದು ಹೇಳಿ ಒಳಗೆ ಹೋದಳು.

ಇಷ್ಟು ದಿನದಿಂದ ಇದನ್ನೆಲ್ಲ ನೋಡುತ್ತಿದ್ದ ನನ್ನ ತಾಯಿ ಅಂದು ನನ್ನನ್ನು ಬೈದರು. ‘ಅಲ್ವೋ, ಶಾಲೆಯೋರು ಚೀಟಿ ಕೊಟ್ರು ಅಂತ ಹೆತ್ತ ಮಗಳ ಹತ್ರ ಮಾತಾಡೋಕೂ ರೂಲ್ಸಾ? ಹುಡುಗಿ ಮುಖ ಸುಟ್ಟ ಬದನೇಕಾಯಿ ಆಗಿದೆ. ಬಾಯಿಬಿಟ್ಟು ಕೇಳೋ’ ಎಂದರು. ‘ಅಮ್ಮ, ಈ ಕಾಲದ ಮಕ್ಕಳ ವಿಷಯ ನಿನಗೆ ತಿಳಿಯಲ್ಲ, ಸುಮ್ನಿರು’ ಎಂದು ಅವರ ಬಾಯಿ ಮುಚ್ಚಿಸಿದೆ. ಇದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

ಡಿಸೆಂಬರ್ 5, ಬುಧವಾರ, ಅಂದರೆ ನಿನ್ನೆ, ಶಾಲೆಯಲ್ಲಿ ಅಂಕಪಟ್ಟಿ ಹಂಚುವ ದಿನ. ಹಾಳೆಯ ಆರನೇ ಅಂಶದಂತೆ ಪೋಷಕರಲ್ಲಿ ಒಬ್ಬರು ಮನೆಯಲ್ಲಿರಬೇಕು. ಐದನೇ ಅಂಶದಂತೆ, ದೊಡ್ಡ ತಯಾರಿ ನಡೆದಿದೆಯೆಂದು ಮಗುವಿಗೆ ಕಾಣಬಾರದು. ಹಾಗಾಗಿ ನಾನು ರಜೆ ಹಾಕಿ, ಅದನ್ನು ಮಗಳಿಗೆ ಹೇಳದೆ, ಸಮವಸ್ತ್ರ ತೊಟ್ಟು, ಬೇಗ ಹೋಗಿ ಗಾಡಿ ರಿಪೇರಿ ನೋಡಬೇಕೆಂದು ಸುಳ್ಳು ಹೇಳಿ 7:05ಕ್ಕೆ ಮನೆಬಿಟ್ಟೆ. ‘ಮಧ್ಯಾಹ್ನ ಒಂದೂ ಐವತ್ತರ ಗಾಡಿ ನಿಂದೇ ಅಲ್ವಾ ಅಪ್ಪಾ?’ ಎಂದು ಅವಳು ಕೇಳಿದಳು. ‘ನಂದೇ, ಇನ್ಯಾರ್ದು’ ಎಂದೆ. ಅವಳು ಶಾಲೆಗೆ ಹೋದ ಮೇಲೆ 8:20ಕ್ಕೆ ವಾಪಸು ಬಂದೆ. ಏಳನೇ ಅಂಶದಂತೆ ಅವಳಿಗಿಷ್ಟವಾದ ಅಡುಗೆ ಮಾಡಲು ಹೆಂಡತಿ ಪಕ್ಕೆಲುಬಿನ ಮಾಂಸ ಬೇಯಲಿಟ್ಟಳು.

9:30ಕ್ಕೆ ಅಂಕಪಟ್ಟಿ ಹಂಚುತ್ತಾರೆ, 11:30ರ ಒಳಗೆ ಮಕ್ಕಳು ಮನೆ ಸೇರುತ್ತಾರೆ. 12:40 ಆದರೂ ಬರಲಿಲ್ಲ. ಫೋನು ಮಾಡುತ್ತೇನೆಂದರೆ ಹೆಂಡತಿ ಬಿಡಲಿಲ್ಲ. ಎರಡನೇ ಅಂಶ, ಮೇಲಿಂದ ಮೇಲೆ ಫೋನು ಮಾಡಬಾರದು. ಮೇಲಿಂದ ಮೇಲೆ ಅಲ್ಲ, ಒಂದು ಸಲ ಎಂದು ಜಗಳವಾಡಿದೆ. 1:40ಕ್ಕೆ ಅಭ್ಯಾಸಬಲದಿಂದ ಎದ್ದು ನಿಂತೆ. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. 1:55ಕ್ಕೆ ಫೋನು ಮಾಡಿದೆ, ಸ್ವಿಚ್ ಆಫ್ ಇತ್ತು. 2:05ಕ್ಕೆ ಅವಳ ಕ್ಲಾಸ್ ಟೀಚರ್ ಬಾಂಗ್ ಹ್ಯೋಜಿನ್ ಮೇಡಂಗೆ ಮಾಡಿದೆ. ಅವರು, ‘ಇಸುಲ್ ಅಪ್ಪನವರೇ, ನಿಮ್ಗೆ ಗೊತ್ತಿಲ್ವಾ? ಅವಳಿಗೆ ಅಂಕಪಟ್ಟೀನೇ ಬಂದಿಲ್ಲ’ ಎಂದರು.

ಶಾಲೆ ಮನೆಯಿಂದ 2.3 ಕಿಲೋಮೀಟರು. 2:25ಕ್ಕೆ ತಲುಪಿದೆ. ಮೇಡಂ ತಮಗೂ ಅಂದು ಬೆಳಗ್ಗೆಯೇ ಗೊತ್ತಾದದ್ದೆಂದು ಹೇಳಿ ಕಾಗದ ತೋರಿಸಿದರು. ಪರೀಕ್ಷೆಯ ದಿನ 1:40ಕ್ಕೆ, ಇಂಗ್ಲಿಷ್ ಪರೀಕ್ಷೆಯ ನಡುವೆ, ಈ ವಿದ್ಯಾರ್ಥಿನಿಯ ಕೈಗಡಿಯಾರದಿಂದ ಅಲಾರಂ ಹೊಡೆಯಿತು, ನಿಷಿದ್ಧ ಉಪಕರಣ ಸಿಕ್ಕಿದ್ದರಿಂದ ಈ ವರ್ಷದ ಪರೀಕ್ಷೆ ಪೂರ್ತಿ ರದ್ದಾಗಿದೆ ಎಂದು ಅದರಲ್ಲಿತ್ತು. ಇದೇ ವಿಷಯದ ಪತ್ರ ಮನೆಗೂ ಬಂದಿತ್ತಂತೆ, ಇಸುಲ್ ತಾನೇ ಸಹಿ ಹಾಕಿ ತೆಗೆದುಕೊಂಡಿದ್ದಳಂತೆ.

ಜೊತೆಯಲ್ಲಿ ಅಂದು ಪರೀಕ್ಷಾ ಕೇಂದ್ರದಲ್ಲಿ ಇಸುಲ್ ಬರೆದುಕೊಟ್ಟ ಹೇಳಿಕೆಯ ಪ್ರತಿ ಇತ್ತು. ನಾಲ್ಕೇ ಸಾಲು. ವಾಚು ತನ್ನದೇ, ತಾನೇ ಅಂಗಡಿಯಲ್ಲಿ ಕೊಂಡದ್ದು, ಮನೆಯವರಿಗೆ ಏನೂ ತಿಳಿಯದು ಎಂದಿತ್ತು. ಕೊನೆಯ ಸಾಲಿನಲ್ಲಿ, ಗೇಟಿನ ಹೊರಗೆ ಅಮ್ಮ ನಿಂತಿದ್ದಾಳೆ, ಎಲ್ಲರೂ ಹೊರಗೆ ಹೋಗುವ ಹೊತ್ತಾಗುವವರೆಗೆ ತನ್ನನ್ನು ಒಳಗೇ ಕೂರಿಸಿಕೊಳ್ಳಬೇಕೆಂದು ಕೇಳಿಕೊಂಡಿದ್ದಳು. ಅದನ್ನು ಓದಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನನ್ನ ಮಗು ಮೂರು ವಾರ ಇದನ್ನು ಎದೆಯಲ್ಲಿಟ್ಟುಕೊಂಡು ನಮ್ಮೊಂದಿಗೆ ಊಟ ಮಾಡಿತ್ತು.

3:05ಕ್ಕೆ ಈ ಠಾಣೆಗೆ ಬಂದು ದೂರು ಕೊಟ್ಟೆ. ಬೆಳಗ್ಗೆ ಅವಳು ಒಂದೂ ಐವತ್ತರ ಗಾಡಿಯ ಬಗ್ಗೆ ಕೇಳಿದ್ದು ನೆನಪಾಗಿ 3:20ಕ್ಕೆ ಡಿಪೋಗೆ ಫೋನು ಮಾಡಿದೆ. ಅಲ್ಲಿಂದ, ನನ್ನ ಬದಲಿಗೆ ಆ ಗಾಡಿ ಓಡಿಸುತ್ತಿದ್ದ ಯಾಂಗ್ ಸಂಗ್‌ದೊನನ್ನು ವಿಚಾರಿಸಿದರು. 2:38ಕ್ಕೆ ಕೊನೆಯ ಸ್ಟಾಪಿನಲ್ಲಿ, ಅಂದರೆ ಬೆಟ್ಟದ ಬುಡದ ಕೆರೆಯ ಹತ್ತಿರ, ಇಸುಲ್ ಮುಂದಿನ ಬಾಗಿಲಿಗೆ ಓಡಿಬಂದು ಒಳಗೆ ಇಣುಕಿ, ‘ನಮ್ಮಪ್ಪ ಎಲ್ಲಿ ಅಂಕಲ್?’ ಎಂದು ಕೇಳಿದಳಂತೆ. ‘ನಿಮ್ಮಪ್ಪನಾ? ನಿನ್ ರಿಸಲ್ಟ್ ಹಬ್ಬ ಮಾಡೋಕೆ ರಜಾ ಹಾಕಿ ಮನೇಲಿ ಕೂತವ್ನೆ. ಎಷ್ಟು ಬಂತಮ್ಮ ಮಾರ್ಕ್ಸು?’ ಎಂದು ಯಾಂಗ್ ಕೇಳಿದನಂತೆ. ಅವಳು ‘ಸೊನ್ನೆ’ ಎಂದಳಂತೆ. ತಮಾಷೆಯೆಂದುಕೊಂಡು ಅವನು ನಕ್ಕು, ಹತ್ತು ಬಾ ಎಂದರೆ ಹತ್ತಲಿಲ್ಲವಂತೆ. 2:45ಕ್ಕೆ ಗಾಡಿ ತಿರುಗಿಸಿಕೊಂಡು ಬಂದನಂತೆ. ಮೂರು ವಾರದಲ್ಲಿ ಅವಳನ್ನು ಬಾಯಿಬಿಟ್ಟು ಕೇಳಿದವನು ಅವನೊಬ್ಬನೇ. ಅವನ ಮೇಲೆ ನನ್ನದು ಯಾವ ದೂರೂ ಇಲ್ಲ.

3:31ಕ್ಕೆ ಠಾಣೆಯ ಜೀಪಿನಲ್ಲಿ ಹೊರಟೆವು. 14 ಕಿಲೋಮೀಟರು. ಪ್ರತಿ ತಿರುವೂ ನನಗೆ ಗೊತ್ತಿರುವ ದಾರಿ, ಅಂದು ಮುಗಿಯಲೇ ಇಲ್ಲ. 3:52ಕ್ಕೆ ತಲುಪಿದೆವು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಕೆರೆಯ ಏರಿಯನ್ನು ಹತ್ತಿ ಆಚೆ ಇಳಿದೆ. ಸ್ಟಾಪಿನಿಂದ ಸುಮಾರು 180 ಮೀಟರು ದೂರ, ನೀರಿನ ಅಂಚಿನ ಕಲ್ಲಿನ ಮೇಲೆ ಅವಳು ಕೂತಿದ್ದಳು. ಪ್ಯಾಂಟು ತೊಡೆಯವರೆಗೆ ಒದ್ದೆ. ತುಟಿ ನೀಲಿ. ಬೂಟಿನ ಲೇಸು ನೆನೆದು ಮಂಜುಗಟ್ಟಿ ಹೋಗಿತ್ತು, ಬಿಚ್ಚಲು ಬರಲಿಲ್ಲ. ಮುಷ್ಟಿಯಲ್ಲಿ ನನ್ನ ವಾಚು ಹಿಡಿದಿದ್ದಳು. ವಾಚು ಮಾತ್ರ ಒದ್ದೆಯಾಗಿರಲಿಲ್ಲ.

ನಾನು ತಬ್ಬಿಕೊಂಡೆ. ಅವಳ ಹಲ್ಲು ಕಟಕಟಿಸುತ್ತಿದ್ದವು. ಅವಳೇ ಮೊದಲು ಮಾತಾಡಿದಳು. ‘ಅಪ್ಪಾ, ವಾಚು ಕಲ್ಲಿನ ಮೇಲೆ ಇಟ್ಟು ಹೋಗಿದ್ದೆ. ಯಾರಾದ್ರೂ ಎತ್ಕೊಂಡು ಹೋದ್ರೆ ಕಂಪನಿಯೋರು ನಿಂಗೆ ಇನ್ನೊಂದು ಕೊಡಲ್ವಲ್ಲ ಅಂತ ವಾಪಸ್ ಬಂದೆ’ ಎಂದಳು.

ಆಂಬುಲೆನ್ಸು 4:09ಕ್ಕೆ ಬಂತು. ನಾನು ಅವಳ ಪಕ್ಕದಲ್ಲಿ ಕೂತೆ. ಹಾಳೆಯ ಒಂದನೇ ಅಂಶ ನೆನಪಿತ್ತು. ಆದರೂ ಕೇಳಿದೆ. ‘ಏನಾಯ್ತು ಮಗಳೇ? ಮೊದಲಿಂದ ಹೇಳು’ ಎಂದೆ. ಆಸ್ಪತ್ರೆ ಮುಟ್ಟುವವರೆಗೆ 26 ನಿಮಿಷ ಅವಳು ಅಳುತ್ತ ಹೇಳಿದಳು, ನಾನು ಅಳುತ್ತ ಕೇಳಿದೆ. ಬಸ್ಸು ಕೊನೆಯ ಸ್ಟಾಪಿನಲ್ಲಿ ಏಳು ನಿಮಿಷ ಖಾಲಿ ನಿಲ್ಲುತ್ತದೆ, ಆಗ ನನಗೊಬ್ಬನಿಗೇ ಹೇಳಿಬಿಡೋಣವೆಂದು ಮಧ್ಯಾಹ್ನ 12ರಿಂದ ಆ ಚಳಿಯಲ್ಲಿ ಕಾಯುತ್ತಿದ್ದಳು. ಕೊನೆಗೆ ನನ್ನ ಕೈ ಹಿಡಿದು, ‘ವಾಚು ನಂದೇ ಅಂತ ಬರ್ಕೊಟ್ಟಿದೀನಿ. ನೀನು ಎಲ್ಲೂ ನಿಂದು ಅನ್ಬೇಡ ಅಪ್ಪಾ. ಕಂಪನಿಯೋರಿಗೆ ಗೊತ್ತಾದ್ರೆ ಬಹುಮಾನ ವಾಪಸ್ ಕಿತ್ಕೋತಾರೆ’ ಎಂದಳು. ಆ ಹೊತ್ತಿಗೆ ಆಯಿತು ಎಂದೆ.

ಜೀವಕ್ಕೆ ಅಪಾಯವಿಲ್ಲ, ಎಡಗಾಲಿನ ಎರಡು ಬೆರಳುಗಳ ಬಗ್ಗೆ ಇನ್ನೂ ಮೂರು ದಿನ ನೋಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಇಂದು ಬೆಳಗ್ಗೆ ನಾನು ಬರುವಾಗ ನಿದ್ದೆ ಮಾಡುತ್ತಿದ್ದಳು. ಹಾಸಿಗೆಯ ಪಕ್ಕ ನನ್ನ ತಾಯಿ ಮತ್ತು ಹೆಂಡತಿ ಇದ್ದಾರೆ. ಮುಂದಿನ ವರ್ಷ ಮತ್ತೆ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳನ್ನೇ ಕೇಳುತ್ತೇನೆ.

ಈ ಹೇಳಿಕೆಯನ್ನು ಅಧಿಕಾರಿ ನನಗೆ ಓದಿ ಹೇಳಿದರು. ಜೊತೆಗಿದ್ದ, ಸ್ಥಳದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ‘ವಿದ್ಯಾರ್ಥಿನಿಯ ಕೈಗಡಿಯಾರ, ಒಂದು’ ಎಂದಿತ್ತು. ತಿದ್ದಬೇಕೆಂದೆ. ಇಷ್ಟು ಸಣ್ಣದಕ್ಕೆ ತಿದ್ದುಪಡಿ ಬೇಡ ಎಂದು ಅಧಿಕಾರಿ ಹೇಳಿದರು. ಬೇಕೇ ಬೇಕು ಎಂದೆ. ‘ವಿದ್ಯಾರ್ಥಿನಿಯ’ ಎಂಬುದನ್ನು ಹೊಡೆದುಹಾಕಿ, ‘ತಂದೆಯ’ ಎಂದು ನನ್ನ ಕೈಯಾರೆ ಬರೆದು, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ್ದೇನೆ. ನವೆಂಬರ್ 15ರಂದು ನನ್ನ ಮಗಳು ಸಹಿ ಹಾಕಿ ಕೊಟ್ಟ ಹೇಳಿಕೆ ಸುಳ್ಳು. ನಾನು ಕೊಟ್ಟಿರುವ ಈ ಹೇಳಿಕೆ ನಿಜ.

ಸ್ಥಳ: ದೇಗು, ಉತ್ತರ ವಲಯದ ಪೊಲೀಸ್ ಠಾಣೆ
ದಿನಾಂಕ: 6 ಡಿಸೆಂಬರ್ 2018, ಬೆಳಗ್ಗೆ 10:20 (ಠಾಣೆಯ ಗೋಡೆ ಗಡಿಯಾರದ ಪ್ರಕಾರ)
ಸಹಿ: ತಕ್ ಜಾಂಗ್‌ಹೊ, ಇಸುಲ್‌ಳ ತಂದೆ