ಮೊದಲ ಹಾಳೆಯ ಇಬೂತಿ

ಅವತ್ತು ರಾತ್ರಿ ಪ್ರೇಮಾ ಕೊಳ್ಳೇಗಾಲದ ಪೇಟೆ ದಾಟಿ ಮನೆ ಕಡೆ ನಡೆಯುವಾಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಂಕುಳಲ್ಲಿ ಹಾಳೆಗಳ ಕಟ್ಟು. ಮುಂದೆ ಹಳೇ ಬಾವಿ...

ಪ್ರೇಮಾ ನನ್ನ ಚಿಕ್ಕವ್ವನ ಮಗಳು. ನಾನು ಹನೂರಲ್ಲಿ ಒಬ್ಬಳೇ ಅಂಗಡಿ ಕಟ್ಟಿ ನಿಲ್ಲಿಸಿದವಳು, ಕೇಳಿದ್ದನ್ನೆಲ್ಲ ನಂಬುವುದಿಲ್ಲ. ಇದನ್ನು ನಂಬಿದ್ದೇನೆ.

ಮೊದಲು ಆ ಕಟ್ಟಿನ ವಿಷಯ. ಪ್ರೇಮಾ ರಾಜಣ್ಣನವರ ರೇಷ್ಮೆ ನೂಲಿನ ಮಂಡಿಯಲ್ಲಿ ಕಂಪ್ಯೂಟರಿನ ಲೆಕ್ಕ ನೋಡುತ್ತಾಳೆ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವಳು ಸೋಮಮ್ಮ. ಜ್ವರ ಬಂದು ತೀರಿಕೊಂಡಳು. ಆದರೂ ರಾಜಣ್ಣನ ಬಾಯಲ್ಲಿ ಅವಳದೇ ಮಾತು. "ಸೋಮಮ್ಮ ಲೆಡ್ಜರ್ ಪ್ರಿಂಟ್ ತಗುದ್ರೆ, ಮೊದ್ಲನೇ ಆಳೆ ಮೂಲೇಲಿ ಮಾದಪ್ಪನ ಇಬೂತಿ ಮೂರ್ ಬೆಳ್ಳಲ್ಲಿ ಎಳ್ದೇ ಕೊಡೋಳು ಕಣವ್ವ. ನೀನೂ ಕೊಡ್ತೀಯ... ಬರೀ ಆಳೆ."

ಪ್ರೇಮಾಳ ಹೊಟ್ಟೆಯಲ್ಲಿ ಕೆಂಡ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೇ? ಸತ್ತವಳು ಇನ್ನು ಯಾವ ತಪ್ಪನ್ನೂ ಮಾಡುವುದಿಲ್ಲ.

ಹೊಸದಾಗಿ ಬಂದ ಆಡಿಟರ್ ಹಳೇ ವರ್ಷಗಳ ಜನರಲ್ ಲೆಡ್ಜರ್ ಕೇಳಿದರು. ಪ್ರೇಮಾ ಕಂಪ್ಯೂಟರಿನಲ್ಲಿ ರೀಪ್ರಿಂಟ್ ಒತ್ತಿದಳು. ಪ್ರತಿ ಹಾಳೆಯ ಅಡಿಯಲ್ಲೂ 'ತಯಾರಿಸಿದವರು: ಸೋಮಮ್ಮ' ಅಂತ ಬಂತು. ಎಲ್ಲರೂ ಮನೆಗೆ ಹೋಗುವವರೆಗೆ ಕಾದಳು. ಸಾಫ್ಟ್‌ವೇರಿನೊಳಗೆ ಹೋಗಿ ಆ ಹೆಸರು ಅಳಿಸಿ ತನ್ನದನ್ನು ಹಾಕಿದಳು. ಮತ್ತೆ ಎಲ್ಲವನ್ನೂ ಪ್ರಿಂಟ್ ತೆಗೆದಳು. ಆ ಕಟ್ಟು ಹಿಡಿದು ಹೊರಡುವಾಗ ಹೊತ್ತಾಗಿತ್ತು.

ಬಾವಿ ಹತ್ತಿರ ಬಂದಾಗ ಸದ್ದು... ಝರ್ರ್... ಝರ್ರ್... ಟಕ್. ಮಂಡಿಯ ಹಳೇ ಪ್ರಿಂಟರ್ ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವ ಸದ್ದು. ಬಾವಿಯೊಳಗಿಂದ.

"ಪ್ರೇಮಾ..." ಪಿಸುದನಿ.

"ಯಾರು?"

"ನನ್ ಎಸ್ರು ಯಾಕವ್ವಾ ಅಳುಸ್ದೆ?"

ಬೇರೆಯವಳಾಗಿದ್ದರೆ ಓಡುತ್ತಿದ್ದಳು. ನಮ್ಮ ಮನೆತನದ ಹಟ... ಪ್ರೇಮಾ ನಿಂತಳು. "ಕುರ್ಚಿ ಈಗ ನಂದು ಕಣಕ್ಕ" ಅಂದಳು.

"ಕುರ್ಚಿ ಮಡಿಕ್ಕೊ... ಎಸ್ರು ಕೊಡು."

"ಕೊಡಕಿಲ್ಲ."

ಝರ್ರ್... ಟಕ್. ಪ್ರೇಮಾ ಕಟ್ಟನ್ನು ಅವುಚಿಕೊಂಡು ಮನೆಗೆ ನಡೆದಳು.

ಬೆಳಿಗ್ಗೆ ಕಟ್ಟು ಬಿಚ್ಚಿ ರಾಜಣ್ಣನ ಮುಂದಿಟ್ಟಳು. ಅಡಿಯಲ್ಲಿ ಅವಳ ಹೆಸರೇ ಇತ್ತು. ರಾಜಣ್ಣ ಅದನ್ನು ನೋಡಲೇ ಇಲ್ಲ. ಮೊದಲ ಹಾಳೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಮೂಲೆಯಲ್ಲಿ ಮೂರು ಬೆರಳಿನ ಇಬೂತಿ.

"ಈಗ ನೋಡವ್ವ, ನೀನೂ ಸೋಮಮ್ಮನೇ ಆದೆ" ಅಂದರು ನಗುತ್ತಾ.

ಪ್ರೇಮಾ ಇಬೂತಿ ಮುಟ್ಟಿಯೇ ಇರಲಿಲ್ಲ. ಹೆದರಿಕೆಗಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತು. ಹಾಳೆಯ ಸಹವಾಸವೇ ಬೇಡ ಅಂತ ಕಂಪ್ಯೂಟರ್ ಮುಂದೆ ಕೂತಳು. ಇಡೀ ಲೆಡ್ಜರನ್ನು ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ ಆಡಿಟರ್ ಅವರ ಮೊಬೈಲಿಗೆ ಕಳಿಸಿದಳು. "ಇನ್ನ್ ಎಲ್ಲಿಗ್ ಬಳೀತಾಳೋ ಬಳೀಲಿ" ಅಂದಳಂತೆ.

ಆಡಿಟರ್ ಮೈಸೂರಿನವರು. ಸೋಮಮ್ಮನನ್ನು ಕಂಡವರಲ್ಲ, ಅವಳ ಇಬೂತಿಯ ಸುದ್ದಿ ಕೇಳಿದವರೂ ಅಲ್ಲ. ಸಂಜೆ ಫೋನ್ ಮಾಡಿದರು.

"ಮೇಡಂ, ಲೆಡ್ಜರ್ ಸರಿಯಾಗಿದೆ. ಮೊದಲನೇ ಪುಟದ ಮೂಲೆಯಲ್ಲಿ ಮೂರು ಬೂದು ಗೆರೆ ಬಂದಿದೆಯಲ್ಲ... ಅದನ್ನು ತೆಗೆದು ಕಳಿಸ್ತೀರಾ?"

ಆ ಫೈಲನ್ನು ಪ್ರೇಮಾ ನನಗೂ ಕಳಿಸಿದಳು. ನಾನು ತೆರೆದು ನೋಡಿದೆ. ಮೊಬೈಲಿನ ಗಾಜಿನ ಮೇಲಿನ ಕೊಳೆ ಇರಬೇಕು ಅಂತ ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ನೀವು ನಂಬಿ, ಬಿಡಿ, ನಡೆದದ್ದು ನಡೆದದ್ದೇ. ಗೆರೆ ಅಲ್ಲೇ ಇತ್ತು... ನನ್ನ ಸೆರಗಿಗೆ ಮಾತ್ರ ಬೂದಿ ಹತ್ತಿತ್ತು.